ಜಾಹೀರಾತಿನಲ್ಲಿ ಮಾರ್ಕರ್ ಯಾರ ಕೈಯಲ್ಲಿದೆ?

ಬೆಂಗಳೂರಿನ ಟೆಕ್ ಕಂಪನಿಗಳಿಗೆ ಜಾಹೀರಾತಿನ ಫೋಟೊ ತೆಗೆಯುವುದು ನನ್ನ ಕೆಲಸ. ಶೂಟ್‌ಗೆ ಮೊದಲು ಕ್ಲೈಂಟ್ ಕಳಿಸುವ ಮಾದರಿ ಚಿತ್ರಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಗಾಜಿನ ಕೋಣೆ, ಉದ್ದನೆಯ ಮೇಜು. ಬೋರ್ಡಿನ ಮುಂದೆ ಮಾರ್ಕರ್ ಹಿಡಿದ ಬಿಳಿಯ ಗಂಡಸು. ಪಕ್ಕದಲ್ಲಿ ನಗುತ್ತಾ ಕೇಳಿಸಿಕೊಳ್ಳುವ ಹೆಂಗಸು. ಹಿಂದೆ, ಮಸುಕಾದ ಜಾಗದಲ್ಲಿ, ಒಬ್ಬ ಕಪ್ಪು ವರ್ಣೀಯ. ತಲೆ ಎಣಿಸಿದರೆ ಎಲ್ಲರೂ ಇದ್ದಾರೆ. ಕೆಲಸ ಮಾಡುತ್ತಿರುವುದು ಮಾತ್ರ ಒಬ್ಬನೇ.

ಅದಕ್ಕೇ ನಾನು ಮೊದಲು ಕೈಗಳನ್ನು ನೋಡುತ್ತೇನೆ. ಕೀಬೋರ್ಡ್ ಮೇಲೆ ಯಾರ ಕೈ ಇದೆ? ಯಾರು ವಿವರಿಸುತ್ತಿದ್ದಾರೆ, ಯಾರು ಸುಮ್ನೆ ತಲೆ ಆಡಿಸುತ್ತಿದ್ದಾರೆ?

2009ರಲ್ಲಿ ಮೈಕ್ರೋಸಾಫ್ಟ್‌ನ ಪೋಲೆಂಡ್ ವೆಬ್‌ಸೈಟಿನಲ್ಲಿ ಬಂದ ಚಿತ್ರವನ್ನು ನಾನು ಹೊಸ ಸಹಾಯಕರಿಗೆಲ್ಲ ತೋರಿಸುತ್ತೇನೆ. ಮೂಲ ಚಿತ್ರದಲ್ಲಿ ಮೇಜಿನ ಹತ್ತಿರ ಒಬ್ಬ ಏಷ್ಯನ್, ಒಬ್ಬ ಕಪ್ಪು ವರ್ಣೀಯ, ಒಬ್ಬ ಬಿಳಿಯ ಹೆಂಗಸು ಇದ್ದರು. ಪೋಲೆಂಡಿನ ಚಿತ್ರದಲ್ಲಿ ಕಪ್ಪು ವರ್ಣೀಯನ ತಲೆ ತೆಗೆದು ಬಿಳಿಯನ ತಲೆ ಕೂರಿಸಿದ್ದರು. ಕೈ ಮಾತ್ರ ಹಾಗೇ ಉಳಿದಿತ್ತು. ಕಂಪನಿ ಕ್ಷಮೆ ಕೇಳಿ ಚಿತ್ರ ತೆಗೆಯಿತು. ಲೆಕ್ಕಕ್ಕುಂಟು ಆಟಕ್ಕಿಲ್ಲ ಅನ್ನುವ ಹಾಗೆ ಕೂರಿಸಿದವರನ್ನು ಎಬ್ಬಿಸಿ ಕಳಿಸುವುದೂ ಸುಲಭ, ಅಲ್ವಾ? ಕಂಪ್ಯೂಟರ್ ಚಿಪ್ ಮಾಡುವ ಇಂಟೆಲ್‌ನ 2007ರ ಜಾಹೀರಾತು ಇನ್ನೂ ಕೆಟ್ಟದು. ನಡುವೆ ಕೈಕಟ್ಟಿ ನಿಂತ ಬಿಳಿಯ, ಅವನ ಎರಡೂ ಕಡೆ ಓಟಕ್ಕೆ ಬಗ್ಗಿದ ಆರು ಕಪ್ಪು ಓಟಗಾರರು. ವೇಗ ತೋರಿಸಲು ಹೋಗಿದ್ದರು, ಕಂಡಿದ್ದು ಆಳುಗಳು ತಲೆಬಾಗಿದ ಹಾಗೆ. ಅದಕ್ಕೂ ಕ್ಷಮೆ ಕೇಳಬೇಕಾಯಿತು.

ನಾನು ಆದಷ್ಟೂ ಮಾಡೆಲ್‌ಗಳನ್ನು ಕರೆಯುವುದಿಲ್ಲ. ರಾತ್ರಿ ಕಂಪನಿಯ ಸರ್ವರ್ ಕೆಟ್ಟು ನಿಂತರೆ ಯಾರಿಗೆ ಫೋನ್ ಹೋಗುತ್ತದೆ ಎಂದು ಕೇಳುತ್ತೇನೆ. ಅವರನ್ನೇ ಕೂರಿಸುತ್ತೇನೆ. ಒಂದು ಶೂಟ್‌ನಲ್ಲಿ ಹಾಗೆ ಬಂದ ಹುಡುಗಿ ಮೊದಲು ಕ್ಯಾಮೆರಾ ನೋಡಿ ಬಿಗಿಯಾದಳು. ಕಳೆದ ಸಲ ಏನು ಕೆಟ್ಟಿತ್ತು ಅಂತ ಕೇಳಿದೆ. ಎದ್ದು ಬೋರ್ಡಿನ ಮೇಲೆ ಬಾಣಗಳನ್ನು ಎಳೆಯತೊಡಗಿದಳು. ಒಂದನ್ನು ಅಂಗೈಯಿಂದಲೇ ಅಳಿಸಿದಳು. ಪಕ್ಕದಲ್ಲಿದ್ದ ಇಬ್ಬರು ಗಂಡಸರು ಬಗ್ಗಿ ನೋಡಿದರು. ಆಗ ಕ್ಲಿಕ್ ಮಾಡಿದೆ. ನಗು ಇಲ್ಲ ಎಂದು ಕ್ಲೈಂಟ್ ಕಡೆಯವರು ತಕರಾರು ತೆಗೆದರು. ಬೋರ್ಡಿನ ಮುಂದಿರುವ ಗಂಡಸಿಗೆ ಯಾರೂ ನಗು ಅನ್ನುವುದಿಲ್ಲ ಎಂದೆ. ಚಿತ್ರ ಉಳಿಯಿತು.

ಬೆಳಕಿನ ವಿಷಯ ಜಾಸ್ತಿ ಜನ ಗಮನಿಸುವುದಿಲ್ಲ. ಕೊಡಾಕ್ ಬಣ್ಣದ ಫಿಲ್ಮ್ ಕಾಲದಲ್ಲಿ ಲ್ಯಾಬ್‌ಗಳು ಬಣ್ಣ ಹೊಂದಿಸುತ್ತಿದ್ದುದು ಶರ್ಲಿ ಕಾರ್ಡ್ ಅನ್ನುವ ಮಾದರಿ ಫೋಟೊ ನೋಡಿ. ದಶಕಗಳ ಕಾಲ ಅದರಲ್ಲಿದ್ದುದು ಬಿಳಿಯ ಹೆಂಗಸಿನ ಮುಖ. ಇವತ್ತಿಗೂ ಬಿಳಿ ಗೋಡೆಯ ಆಫೀಸಿನಲ್ಲಿ ಕ್ಯಾಮೆರಾವನ್ನು ಆಟೊದಲ್ಲಿ ಬಿಟ್ಟರೆ ಗೋಡೆಯನ್ನು ನಂಬಿ ಕಪ್ಪು ಮುಖವನ್ನು ಇನ್ನೂ ಕತ್ತಲು ಮಾಡುತ್ತದೆ. ನಾನು ಬೆಳಕು ಅಳೆಯುವ ಮೀಟರನ್ನು ಮುಖಕ್ಕೇ ಹಿಡಿಯುತ್ತೇನೆ, ಗೋಡೆ ಬೇಕಾದರೆ ಬಿಳಿಚಿಕೊಳ್ಳಲಿ. ಎದುರಿನಿಂದ ಫ್ಲ್ಯಾಶ್ ಹೊಡೆಯುವುದಿಲ್ಲ. ಬೆಳಕನ್ನು ಮೃದುವಾಗಿ ಹರಡುವ ದೊಡ್ಡ ಸಾಫ್ಟ್‌ಬಾಕ್ಸನ್ನು ಪಕ್ಕದಲ್ಲಿಡುತ್ತೇನೆ. ಆಗ ಚರ್ಮದ ಹೊಳಪೇ ಮುಖದ ಆಕಾರ ತೋರಿಸುತ್ತದೆ. ಒಂದೇ ಫ್ರೇಮಿನಲ್ಲಿ ಬೇರೆ ಬೇರೆ ಬಣ್ಣದವರಿದ್ದರೆ ಕಪ್ಪಗಿರುವವರನ್ನು ದೀಪದ ಹತ್ತಿರ ಕೂರಿಸುತ್ತೇನೆ, ಬೆಳ್ಳಗಿರುವವರನ್ನು ದೂರ. ಅಷ್ಟಕ್ಕೇ ಮುಕ್ಕಾಲು ಕೆಲಸ ಮುಗಿಯುತ್ತದೆ.

ಆಮೇಲೆ ಎಡಿಟಿಂಗ್. "ಮುಖ ಸ್ವಲ್ಪ ಫ್ರೆಶ್ ಕಾಣಲಿ" ಅನ್ನುತ್ತಾರೆ. ಅಂದರೆ ಬೆಳ್ಳಗೆ ಮಾಡಿ ಅಂತ. ಕೇಳುವವರೂ ನಮ್ಮವರೇ, ಚಿತ್ರದಲ್ಲಿರುವವರೂ ನಮ್ಮವರೇ. ಇದು ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಡುತ್ತದೆ. ಚರ್ಮದ ಬಣ್ಣ ಬದಲಾಯಿಸುವುದಿಲ್ಲ ಎಂದು ಈಗ ಕೊಟೇಶನ್‌ನಲ್ಲೇ ಬರೆದುಬಿಡುತ್ತೇನೆ.

ಶೂಟ್‌ಗೆ ದುಡ್ಡಿಲ್ಲದ ಸಣ್ಣ ಕಂಪನಿಗಳಿಗೆ ವುಮೆನ್ ಆಫ್ ಕಲರ್ ಇನ್ ಟೆಕ್ ಚಾಟ್ ಅನ್ನುವ ಗುಂಪಿನವರ ಚಿತ್ರಗಳನ್ನು ಹೇಳುತ್ತೇನೆ; ಬಿಳಿಯರಲ್ಲದ ಹೆಂಗಸರು ಟೆಕ್ ಕೆಲಸ ಮಾಡುವ ಚಿತ್ರಗಳು ಅವು. ಫ್ಲಿಕರ್ ಎಂಬ ಫೋಟೊ ತಾಣದಲ್ಲಿ ಉಚಿತವಾಗಿ ಸಿಗುತ್ತವೆ, ಅವರ ಹೆಸರು ಹಾಕಿದರೆ ಸಾಕು.

ನಿಜವಾದ ಎಂಜಿನಿಯರನ್ನೇ ತೋರಿಸಿದರೂ ಜನ ನಂಬುತ್ತಾರೆ ಅಂತೇನಿಲ್ಲ. 2015ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಐಸಿಸ್ ಆಂಚಲೀ ಎಂಬ ಎಂಜಿನಿಯರ್ ತಮ್ಮ ಕಂಪನಿಯ ನೇಮಕಾತಿ ಜಾಹೀರಾತಿನಲ್ಲಿ ಕಾಣಿಸಿಕೊಂಡಾಗ, ಇವರು ಎಂಜಿನಿಯರ್ ಇರಲಿಕ್ಕಿಲ್ಲ ಎಂದು ಜನ ಅನುಮಾನಪಟ್ಟರು. ಅದಕ್ಕೆ ಉತ್ತರವಾಗಿ ಅವರು ಶುರುಮಾಡಿದ 'ಐ ಲುಕ್ ಲೈಕ್ ಆನ್ ಎಂಜಿನಿಯರ್' ಹ್ಯಾಶ್‌ಟ್ಯಾಗಿಗೆ ಸಾವಿರಾರು ಹೆಣ್ಣುಮಕ್ಕಳು ತಮ್ಮ ಫೋಟೊ ಹಾಕಿದರು.

ಕಡೆಯ ಕೆಲಸ ಕ್ರಾಪ್. ಅಗಲದ ಬ್ಯಾನರ್ ಮೊಬೈಲ್‌ನಲ್ಲಿ ಕಿರಿದಾದಾಗ ಅಂಚಿನವರು ಮಾಯ. ಅಂಚಿನಲ್ಲಿ ಸಾಮಾನ್ಯವಾಗಿ ಯಾರನ್ನು ಇಟ್ಟಿರುತ್ತಾರೆ ಅನ್ನುವುದು ಗೊತ್ತೇ ಇದೆ. ಅದಕ್ಕೆ ಮೊಬೈಲ್ ಅಳತೆಯ ಚಿತ್ರವನ್ನೂ ನಾನೇ ಕತ್ತರಿಸಿ ಕೊಡುತ್ತೇನೆ. ಮಾರ್ಕರ್ ಹಿಡಿದವಳು ಅದರಲ್ಲೂ ನಡುವೆಯೇ ಇರುತ್ತಾಳೆ.