ಕ್ರೌಡೋ, ಮಾಬೋ, ಸ್ಟಾಫೋ: ಜನರ ಗುಂಪಿಗೆ ಸರಿಯಾದ ಇಂಗ್ಲಿಷ್ ಪದ ಆರಿಸುವುದು ಹೇಗೆ

ಬಡಾವಣೆಯ ಸಂಘದಿಂದ ಠಾಣೆಗೆ ಇಂಗ್ಲಿಷ್‌ನಲ್ಲಿ ಪತ್ರ ಬರೆಯುವಾಗ, ಆಫೀಸಿನಿಂದ ಇಮೇಲ್ ಕಳಿಸುವಾಗ ಬಹಳ ಜನ ಎಡವುವ ಜಾಗ ಇದು. ಕನ್ನಡದಲ್ಲಿ ಜನ, ಗುಂಪು, ತಂಡ ಎನ್ನುವ ಮೂರು ಪದಗಳಲ್ಲೇ ಬಹುಪಾಲು ಕೆಲಸ ನಡೆದುಹೋಗುತ್ತದೆ. ಇಂಗ್ಲಿಷ್‌ನಲ್ಲಿ ಹಾಗಲ್ಲ, ಜನ ಯಾಕೆ ಸೇರಿದ್ದಾರೆ ಅನ್ನುವುದರ ಮೇಲೆ ಪದ ಬದಲಾಗುತ್ತದೆ. ಆದ್ದರಿಂದ ಮೊದಲು ಕೇಳಿಕೊಳ್ಳಿ: ಇವರು ಸುಮ್ಮನೆ ಒಂದೇ ಕಡೆ ಇದ್ದಾರೆಯೇ, ಏನನ್ನಾದರೂ ನೋಡಲು ಕೇಳಲು ಬಂದಿದ್ದಾರೆಯೇ, ಇಲ್ಲ ಒಟ್ಟಿಗೆ ಕೆಲಸ ಮಾಡುತ್ತಿದ್ದಾರೆಯೇ?

ಸಂಜೆ ಹೊತ್ತು ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಇರುವವರು, ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಕಿಕ್ಕಿರಿದವರು 'ಕ್ರೌಡ್'. ಒಬ್ಬರಿಗೊಬ್ಬರು ಪರಿಚಯ ಇರಬೇಕಿಲ್ಲ, ಪದದಲ್ಲಿ ದೂಷಣೆಯೂ ಇಲ್ಲ. 'ಮಾಬ್' ಅಂದರೆ ಕತೆಯೇ ಬೇರೆ. ಅದು ಹತೋಟಿ ತಪ್ಪಿದ, ಹೊಡೆದು ಒಡೆಯಲು ನಿಂತ ಗುಂಪು. ಬಾಕಿ ಸಂಬಳ ಕೇಳಲು ಕಾರ್ಖಾನೆ ಗೇಟಿನ ಮುಂದೆ ಶಾಂತವಾಗಿ ಕೂತವರನ್ನು 'ಮಾಬ್' ಎಂದು ಬರೆದರೆ, ಮಾಡದ ತಪ್ಪನ್ನು ಅವರ ತಲೆಗೆ ಕಟ್ಟಿದಂತಾಗುತ್ತದೆ. ಅವರು 'ಪ್ರೊಟೆಸ್ಟರ್ಸ್'.

ದೂರು ಬರೆಯುವಾಗಲಂತೂ ಎಚ್ಚರ ಬೇಕೇಬೇಕು. 'ಅನ್‌ಲಾಫುಲ್ ಅಸೆಂಬ್ಲಿ' ಎನ್ನುವುದು ಕಾನೂನಿನ ಪದ. ಭಾರತೀಯ ನ್ಯಾಯ ಸಂಹಿತೆಯ 189ನೇ ಕಲಮಿನ ಪ್ರಕಾರ 5 ಅಥವಾ ಹೆಚ್ಚು ಜನ ಇದ್ದರಷ್ಟೇ ಸಾಲದು, ಅಲ್ಲಿ ಹೇಳಿರುವಂಥ ಅಕ್ರಮ ಉದ್ದೇಶವೂ ಎಲ್ಲರದ್ದೂ ಒಂದೇ ಆಗಿರಬೇಕು. 'ಗ್ಯಾಂಗ್' ಕೂಡ ಅಪಾಯದ ಪದ. ಮಾತಿನಲ್ಲಿ 'ನಮ್ಮ ಗ್ಯಾಂಗ್' ಅಂದರೆ ಗೆಳೆಯರು; ದೂರಿನಲ್ಲಿ ಬಂದರೆ ಅಪರಾಧಿಗಳ ಕೂಟ. ನಮ್ಮ ಸಲಹೆ ಇಷ್ಟು: 'ಎ ಗ್ರೂಪ್ ಆಫ್ ಸಿಕ್ಸ್ ಮೆನ್' ಎಂದು ಎಣಿಕೆ ಬರೆಯಿರಿ, ಮುಂದಿನ ವಾಕ್ಯದಲ್ಲಿ ಅವರು ಮಾಡಿದ್ದೇನು ಎಂದು ಬರೆಯಿರಿ. ಹಣೆಪಟ್ಟಿ ಹಚ್ಚಬೇಡಿ.

ನೋಡುಗರ ವಿಷಯ ಸುಲಭ. ರಂಗಶಂಕರದಲ್ಲಿ ನಾಟಕಕ್ಕೆ, ಚೌಡಯ್ಯ ಸ್ಮಾರಕ ಭವನದಲ್ಲಿ ಕಛೇರಿಗೆ ಕೂತವರು 'ಆಡಿಯನ್ಸ್'. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪಂದ್ಯ ನೋಡುವವರು 'ಸ್ಪೆಕ್ಟೇಟರ್ಸ್'. ಅದೇ ಪಂದ್ಯವನ್ನು ಮನೆಯಲ್ಲಿ ಟಿವಿ ಹಾಕಿಕೊಂಡು ನೋಡಿದರೆ 'ವ್ಯೂವರ್ಸ್'. ಚರ್ಚಿನಲ್ಲಿ ಪ್ರಾರ್ಥನೆಗೆ ಸೇರಿದವರು 'ಕಾಂಗ್ರಿಗೇಷನ್'. ದೇವಸ್ಥಾನದ ಸಾಲಿನಲ್ಲಿ ನಿಂತವರಿಗೆ ಆ ಪದ ಒಗ್ಗದು, 'ಡಿವೋಟೀಸ್' ಅನ್ನಿ.

ಒಟ್ಟಿಗೆ ಕೆಲಸ ಮಾಡುವವರಲ್ಲಿ ಒಂದೇ ಗುರಿ ಇಟ್ಟುಕೊಂಡವರು 'ಟೀಮ್'. ವಿಮಾನ, ಹಡಗು, ಸಿನಿಮಾ ಚಿತ್ರೀಕರಣ ನಡೆಸುವವರು 'ಕ್ರೂ'. ಬಿಎಂಟಿಸಿ ಬಸ್ಸಿನ ಚಾಲಕ, ನಿರ್ವಾಹಕರೂ ಇದೇ ಲೆಕ್ಕಕ್ಕೆ ಸೇರುತ್ತಾರೆ. ಸಿನಿಮಾದಲ್ಲಿ ಪಾತ್ರ ಮಾಡುವವರು ಮಾತ್ರ 'ಕಾಸ್ಟ್'. ಯಕ್ಷಗಾನ ಮೇಳಕ್ಕೆ 'ಟ್ರೂಪ್' ಸರಿಹೊಂದುತ್ತದೆ.

ಹೆಚ್ಚು ತಪ್ಪಾಗುವುದು 'ಸ್ಟಾಫ್'ನಲ್ಲಿ. ಕನ್ನಡದಲ್ಲಿ 'ಒಬ್ಬ ಸ್ಟಾಫ್ ಬಂದಿದ್ದ' ಎಂದು ದಿನವೂ ಆಡುತ್ತೇವೆ, ಅದೇ ಇಂಗ್ಲಿಷ್‌ಗೂ ನುಸುಳುತ್ತದೆ. ಇಂಗ್ಲಿಷ್‌ನಲ್ಲಿ 'ಸ್ಟಾಫ್' ಎಂದರೆ ಇಡೀ ಸಿಬ್ಬಂದಿ, ಒಬ್ಬ ವ್ಯಕ್ತಿಯಲ್ಲ. ಒಬ್ಬರಿದ್ದರೆ 'ಎ ಸ್ಟಾಫ್ ಮೆಂಬರ್', ಇಬ್ಬರಿದ್ದರೆ 'ಟೂ ಸ್ಟಾಫ್ ಮೆಂಬರ್ಸ್'. ಒಂದೇ ಕಚೇರಿಯವರನ್ನು 'ಆಲ್ ಸ್ಟಾಫ್ಸ್' ಎಂದು ಕರೆದು ಸುತ್ತೋಲೆ ಹೊರಡಿಸಬೇಡಿ, 'ಆಲ್ ಸ್ಟಾಫ್' ಸಾಕು. 'ಪೊಲೀಸ್' ಕೂಡ ಹೀಗೆಯೇ: 'ಎ ಪೊಲೀಸ್ ಕೇಮ್' ತಪ್ಪು, 'ಎ ಪೊಲೀಸ್ ಆಫೀಸರ್ ಕೇಮ್' ಸರಿ.

ಸಾಮಾನ್ಯವಾಗಿ ಎಷ್ಟೇ ಜನರಿದ್ದರೂ 'ಪೀಪಲ್'. 'ಪೀಪಲ್ಸ್' ಬರುವುದು ಬೇರೆಬೇರೆ ಜನಾಂಗಗಳ ಬಗ್ಗೆ ಹೇಳುವಾಗ. 'ಪರ್ಸನ್ಸ್' ಕಾನೂನಿಗೆ, ಲಿಫ್ಟಿನೊಳಗಿನ ಫಲಕಕ್ಕೆ ಇರಲಿ. ಮದುವೆಗೆ ಎಷ್ಟು ಜನ ಬರುತ್ತಾರೆಂದು ಕೇಟರಿಂಗ್‌ನವರಿಗೆ ಬರೆಯುವಾಗ 'ಟೂ ಹಂಡ್ರೆಡ್ ಪೀಪಲ್' ಅಂದರೇ ಸಹಜ.

ಇನ್ನು ಕ್ರಿಯಾಪದ. 'ಪೀಪಲ್', 'ಪೊಲೀಸ್' ಜೊತೆ 'ಆರ್' ಬಳಸಿ. 'ಟೀಮ್', 'ಕಮಿಟಿ', 'ಸ್ಟಾಫ್' ಜೊತೆ ಬ್ರಿಟಿಷರು 'ಇಸ್', 'ಆರ್' ಎರಡನ್ನೂ ಬಳಸುತ್ತಾರೆ, ಅಮೆರಿಕದವರು ಸಾಮಾನ್ಯವಾಗಿ 'ಇಸ್' ಅನ್ನುತ್ತಾರೆ. ಯಾವುದನ್ನು ಹಿಡಿದರೂ ಪತ್ರ ಮುಗಿಯುವವರೆಗೆ ಅದನ್ನೇ ಉಳಿಸಿಕೊಳ್ಳಿ. ಮೊದಲ ಸಾಲಿನಲ್ಲಿ 'ದ ಕಮಿಟಿ ಹ್ಯಾಸ್', ಮೂರನೆಯದರಲ್ಲಿ 'ದ ಕಮಿಟಿ ಹ್ಯಾವ್' ಎಂದಾದರೆ ಓದುವವರ ಕಣ್ಣಿಗೆ ಕೂಡಲೇ ಬೀಳುತ್ತದೆ.