ಕಾಮಿಕ್ಸ್‌ನಲ್ಲಿ ಅಧ್ಯಯನವನ್ನು ತೋರಿಸುವ ಬಗೆ

ಒಂದು ಕಾಲಘಟ್ಟವನ್ನೋ ಒಂದು ವೃತ್ತಿಯನ್ನೋ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ಕಾಮಿಕ್ಸ್ ರಚನಕಾರರಿಗೆ, ತಿಳಿದುಕೊಂಡದ್ದನ್ನೆಲ್ಲ ಓದುಗರ ಮುಂದಿಡಬೇಕೆನಿಸುವುದು ಸಹಜ. ಆದರೆ ಆ ತಿಳಿವಳಿಕೆ ಪಾತ್ರಗಳ ಬಾಯಿಂದ ಉಪನ್ಯಾಸವಾಗಿ ಹೊರಬಂದರೆ ಕಥೆ ಅಲ್ಲಿಯೇ ನಿಂತುಬಿಡುತ್ತದೆ. ಆದ್ದರಿಂದ ಮಾಹಿತಿಯನ್ನು ಮೊದಲು ಚಿತ್ರದಲ್ಲಿ, ಆಮೇಲೆ ಘಟನೆಯಲ್ಲಿ, ಕಟ್ಟಕಡೆಗೆ ಮಾತಿನಲ್ಲಿ ಇರಿಸಿ.

ಉಗಿ ಎಂಜಿನ್ನಿನ ಕಥೆಯೊಂದನ್ನು ತೆಗೆದುಕೊಳ್ಳೋಣ. ಬಾಯ್ಲರಿನ ನೀರಿನ ಮಟ್ಟವನ್ನು ತೋರಿಸುವ ಗಾಜಿನ ಕೊಳವೆಯೊಂದು ಚಾಲಕನ ಎದುರಿಗಿರುತ್ತದೆ. ಬೆಂಕಿಗೂಡಿನ ಮೇಲಿರುವ ಲೋಹದ ಹಾಳೆಗಿಂತ ನೀರು ಕೆಳಗಿಳಿದರೆ ಆ ಹಾಳೆ ಮಿತಿಮೀರಿ ಕಾದು, ಮೆತ್ತಗಾಗಿ, ಉಗಿಯ ಒತ್ತಡ ತಾಳದೆ ಬಾಯ್ಲರ್ ಸಿಡಿಯಬಹುದು. ಇದನ್ನು ಮಾತಿನಲ್ಲಿ ವಿವರಿಸಲು ಹೊರಟರೆ ಪಾತ್ರಗಳ ಮಾತು ಬರೆಯುವ ಬಲೂನುಗಳೇ ಪುಟವನ್ನು ತುಂಬಿಕೊಳ್ಳುತ್ತವೆ. ಅದರ ಬದಲು, ಈ ಅಪಾಯದ ಪರಿಚಯವನ್ನು ಹಿಂದಿನ ಯಾವುದಾದರೂ ದೃಶ್ಯದಲ್ಲಿ, ಹೊಸಬನಿಗೆ ಹಿರಿಯನೊಬ್ಬ ಗದರಿ ಹೇಳುವ ಒಂದೇ ಸಾಲಿನಲ್ಲಿ ಮುಗಿಸಿ. ಬಳಿಕ ಇಬ್ಬರು ಬೇರೇನೋ ವಿಷಯಕ್ಕೆ ಜಗಳವಾಡುತ್ತಿರುವಾಗ, ಹಿನ್ನೆಲೆಯ ಕೊಳವೆಯಲ್ಲಿ ನೀರು ಚೌಕಟ್ಟಿನಿಂದ ಚೌಕಟ್ಟಿಗೆ ಇಳಿಯುತ್ತಾ ಹೋಗಲಿ. ಒಬ್ಬನ ಕಣ್ಣು ಅತ್ತ ಹೊರಳಿದಾಗ “ನೀರೆಲ್ಲಿ?” ಎಂಬ ಮಾತೊಂದೇ ಸಾಕು. ಗಮನವಿಟ್ಟು ನೋಡಿದ ಓದುಗನಿಗೆ ಅವನಿಗಿಂತ ಮೊದಲೇ ಎದೆ ಧಸಕ್ಕೆಂದಿರುತ್ತದೆ, ಮತ್ತು ನನ್ನ ದೃಷ್ಟಿಯಲ್ಲಿ ಅಧ್ಯಯನಕ್ಕೆ ಸಿಗಬಹುದಾದ ಅತ್ಯುತ್ತಮ ಪ್ರತಿಫಲ ಅದೇ.

ಚಿತ್ರ ಬಿಡಿಸುವ ಮುನ್ನ ಸ್ಥಳದ ನಕ್ಷೆಯನ್ನಾದರೂ ಮಾಡಿಕೊಳ್ಳಿ. ‘ಟಿನ್‌ಟಿನ್’ ಕಾಮಿಕ್ಸ್ ರಚಿಸಿದ ಬೆಲ್ಜಿಯಂನ ಎರ್ಜೆ 1950ರ ದಶಕದ ಆರಂಭದ ತಮ್ಮ ಚಂದ್ರಯಾನದ ಕಥೆಗಾಗಿ ರಾಕೆಟ್ಟಿನ ವಿವರವಾದ ಮಾದರಿಯನ್ನೇ ಮಾಡಿಸಿದ್ದರು. ಯಾವ ಪಾತ್ರ ಒಳಗೆ ಎಲ್ಲಿದೆ ಎಂಬುದರಲ್ಲಿ ಸಹಾಯಕ ಕಲಾವಿದರು ಎಡವಬಾರದೆಂಬುದು ಅದರ ಉದ್ದೇಶವಾಗಿತ್ತು.

ಆಧಾರಕ್ಕೆ ಇಟ್ಟುಕೊಳ್ಳುವ ಪ್ರತಿ ಛಾಯಾಚಿತ್ರದ ಮೇಲೂ ಇಸವಿ ಬರೆದಿಡಿ. ಹಾಗೆಂದು 1920ರ ಮನೆಯೊಳಗೆ 1920ರ ವಸ್ತುಗಳನ್ನಷ್ಟೇ ತುಂಬಿದರೆ ಅದು ಅಂಗಡಿಯ ಕಿಟಕಿಯಂತೆ ಕಾಣುತ್ತದೆ. ನಿಜವಾದ ಮನೆಯಲ್ಲಿ ಅಜ್ಜನ ಕಾಲದ ಕುರ್ಚಿಯೂ, ಸವೆದ ಹೊಸ್ತಿಲೂ, ತೇಪೆ ಹಾಕಿದ ಪರದೆಯೂ ಇರುತ್ತವೆ.

ಕಥೆಯೊಳಗೆ ಹಿಡಿಸದೆ ಉಳಿದದ್ದನ್ನು ಅನುಬಂಧಕ್ಕೆ ಸಾಗಿಸಿ. ಅಲನ್ ಮೂರ್ ಮತ್ತು ಎಡ್ಡಿ ಕ್ಯಾಂಪ್‌ಬೆಲ್ ಅವರ, ಲಂಡನ್ನಿನ ‘ಜ್ಯಾಕ್ ದಿ ರಿಪ್ಪರ್’ ಕೊಲೆಗಳನ್ನು ಕುರಿತ ‘ಫ್ರಮ್ ಹೆಲ್’ ಕಾಮಿಕ್ಸ್ ಕೃತಿಯಲ್ಲಿ ಮೂರ್ ಪುಟವಾರು ಟಿಪ್ಪಣಿಗಳನ್ನು ಬರೆದು, ಯಾವುದು ದಾಖಲೆಯಿಂದ ಬಂದದ್ದು, ಯಾವುದು ತಮ್ಮ ಕಲ್ಪನೆ ಎಂದು ಬಿಡಿಸಿ ಹೇಳಿದ್ದಾರೆ. ನೀವೂ ಕಥೆಯ ಅನುಕೂಲಕ್ಕೆ ದಿನಾಂಕ ಬದಲಿಸಿದ್ದರೆ, ಇಬ್ಬರು ವ್ಯಕ್ತಿಗಳನ್ನು ಒಂದೇ ಪಾತ್ರವಾಗಿಸಿದ್ದರೆ, ಅಲ್ಲಿ ಅದನ್ನು ಮುಚ್ಚುಮರೆಯಿಲ್ಲದೆ ಬರೆಯಿರಿ.