ಜಲ್ಲಿ ದಾರಿಗೆ ಜೀಪ್ ಹದ ಮಾಡಿಕೊಳ್ಳುವುದು

ಕಾಫಿ ಕೊಯ್ಲಿಗೆ ಮುಂಚೆ ಚಿಕ್ಕಮಗಳೂರಿನ ನಮ್ಮ ಆಲ್ದೂರು ಕಡೆ ಎಲ್ಲರೂ ಜೀಪ್ ರೆಡಿ ಮಾಡಿಸಿಕೊಳ್ಳುತ್ತಾರೆ. ಆಗ ಬರುವ ಪ್ರಶ್ನೆ ಒಂದೇ: "ಹಿಂದುಗಡೆ ಇನ್ನೊಂದು ಬ್ಲೇಡ್ ಹಾಕಿಸಲಾ?" ಬ್ಲೇಡ್ ಅಂದರೆ ಗಾಡಿಯ ಭಾರ ಹೊರಲು ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಸ್ಪ್ರಿಂಗ್ ಪಟ್ಟಿ. ದಿನಾ ಮೂಟೆ ಹೇರುವ ಗಾಡಿಯಲ್ಲದಿದ್ದರೆ ಖಂಡಿತ ಬೇಡ. ಜಲ್ಲಿಯಲ್ಲಿ ಗಾಡಿ ಮಾತು ಕೇಳಬೇಕಾದರೆ ನಾಲ್ಕೂ ಚಕ್ರ ನೆಲ ಬಿಡಬಾರದು. ಬ್ಲೇಡ್ ಗಟ್ಟಿಯಾದಷ್ಟೂ ಖಾಲಿ ಗಾಡಿಯ ಹಿಂಬದಿ ಕುಪ್ಪಳಿಸುತ್ತೆ, ತಿರುವಿನಲ್ಲಿ ಕುಪ್ಪಳಿಸಿದ್ದು ಪಕ್ಕಕ್ಕೆ ಜಾರುತ್ತೆ.

ನನ್ನದು ನಾಲ್ಕೂ ಕಡೆ ಬ್ಲೇಡ್ ಇರುವ ಮಹೀಂದ್ರ ಎಂಎಂ 540 ಜೀಪ್. ಜಿಪ್ಸಿಯೂ ಹಾಗೇ. ಮಳೆಗಾಲದ ಕೆಸರು ಬ್ಲೇಡ್‌ಗಳ ಸಂದಿಗೆ ಹೋಗಿ ತುಕ್ಕು ಹಿಡಿದರೆ ಒಂದರ ಮೇಲೊಂದು ಜಾರುವುದೇ ಇಲ್ಲ, ಇಡೀ ಸೆಟ್ ಒಂದೇ ಕಬ್ಬಿಣದ ತುಂಡಾಗಿಬಿಡುತ್ತೆ. ಗಾಡಿ ಗಡುಸಾಯಿತು ಅಂತ ಶಾಕ್ (ಸ್ಪ್ರಿಂಗ್ ಕುಣಿತ ತಡೆಯುವ ಶಾಕ್ ಅಬ್ಸಾರ್ಬರ್) ಬದಲಾಯಿಸುವವರೇ ಜಾಸ್ತಿ. ಅದಕ್ಕೆ ಮೊದಲು ಚಾಸಿಗೆ ಜಾಕ್ ಕೊಟ್ಟು ಎತ್ತಿ, ಗಟ್ಟಿ ಸ್ಟ್ಯಾಂಡ್ ಇಡಿ. ಆಕ್ಸಲ್ ಕೆಳಗೆ ಜೋತುಬಿದ್ದಾಗ ಬ್ಲೇಡ್‌ಗಳು ಸ್ವಲ್ಪ ಬಾಯಿ ಬಿಡುತ್ತವೆ. ತಂತಿ ಬ್ರಷ್‌ನಿಂದ ಉಜ್ಜಿ, ಗ್ರಾಫೈಟ್ ಗ್ರೀಸ್ ತುಂಬಿ. ಬ್ಲೇಡ್ ತುದಿಯನ್ನು ಚಾಸಿಗೆ ಜೋಡಿಸುವ ಶ್ಯಾಕಲ್‌ನ ಬುಷ್ ಸವೆದಿದ್ದರೆ ಆಗಲೇ ಹಾಕಿಸಿ. ಬ್ಲೇಡ್ ಕೆಲಸ ಆದ ಮೇಲೆ ಒಂದಷ್ಟು ಓಡಿಸಿ, ಬ್ಲೇಡ್ ಸೆಟ್ಟನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್‌ಗಳನ್ನು ಮತ್ತೆ ಬಿಗಿ ಮಾಡಿಸಲೇಬೇಕು. ಅವು ಸಡಿಲಾದರೆ ಬ್ಲೇಡ್‌ಗಳ ನಡುವೆ ಹಾಯುವ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ ಜಾಗ ಬಿಟ್ಟು ಸರಿಯುತ್ತೆ, ಗಾಡಿ ಓರೆಯಾಗಿ ಓಡತೊಡಗುತ್ತೆ.

ಶಾಕ್ ಪರೀಕ್ಷೆಗೆ ವರ್ಕ್‌ಶಾಪ್ ಬೇಕಿಲ್ಲ. ಕೆಟ್ಟ ದಾರಿಯಲ್ಲಿ ಅರ್ಧ ಗಂಟೆ ಓಡಿಸಿ, ನಿಲ್ಲಿಸಿ, ನಾಲ್ಕನ್ನೂ ಹುಷಾರಾಗಿ ಮುಟ್ಟಿ ನೋಡಿ. ಕೆಲಸ ಮಾಡುವ ಶಾಕ್ ಬಿಸಿಯಾಗಿರುತ್ತೆ. ಮೂರು ಬಿಸಿಯಿದ್ದು ಒಂದು ತಣ್ಣಗಿದ್ದರೆ ಅದು ಸತ್ತಿದೆ. ಜಿಮ್ನಿ ಮತ್ತು 2020ರಲ್ಲಿ ಬಂದ ಥಾರ್‌ಗಳಲ್ಲಿ ಬ್ಲೇಡ್ ಇಲ್ಲ, ಸುರುಳಿ ಸ್ಪ್ರಿಂಗ್ (ಕಾಯಿಲ್). ಅಲ್ಲಿ ಚಕ್ರಗಳನ್ನು ಜಾಗದಲ್ಲಿ ಹಿಡಿದಿಡುವ ಆರ್ಮ್‌ಗಳ ಬುಷ್ ನೋಡಿಕೊಳ್ಳಿ. ಗಾಡಿ ಎತ್ತರಿಸುವ ಲಿಫ್ಟ್ ಕಿಟ್ ಹಾಕಿಸುವ ಹುಡುಗರಿಗೆ ಒಂದು ಮಾತು: ಗಾಡಿ ಎತ್ತರವಾದಷ್ಟೂ ವಾಲುವುದು ಜಾಸ್ತಿ, ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನ ಕೋನ ಕೆಟ್ಟು ಅದರ ಕೀಲುಗಳಾದ ಕ್ರಾಸ್‌ಗಳು ಬೇಗ ಹೋಗುತ್ತವೆ.

ಟಯರ್ ಗಾಳಿಯೂ ಸಸ್ಪೆನ್ಷನ್ನೇ. ಟಾರಿಗೆ 30 ಪಿಎಸ್‌ಐ ಇದ್ದರೆ ಜಲ್ಲಿಗೆ 24ರ ಆಸುಪಾಸು ಸಾಕು, ಅದೂ ಖಾಲಿ ಗಾಡಿಗೆ, ನಿಧಾನ ಓಡಿಸುವುದಾದರೆ. ತೀರಾ ಇಳಿಸಿದರೆ ಕಲ್ಲಿಗೆ ಬಡಿದು ರಿಮ್ ಬಗ್ಗುತ್ತೆ.

ಇನ್ನು ಓಡಿಸುವುದು. ಗಟ್ಟಿ ನೆಲದ ಮೇಲಿನ ಸಡಿಲ ಜಲ್ಲಿ ಕಡಪ ಕಲ್ಲಿನ ಮೇಲೆ ರಾಗಿ ಚೆಲ್ಲಿದ ಹಾಗೆ. ಬ್ರೇಕ್ ತಿರುವಿಗೆ ಮುಂಚೆ, ನೇರ ಇರುವಾಗಲೇ ಮುಗಿಸಿ. ತಿರುವಿನೊಳಗೆ ಆಕ್ಸಿಲೇಟರ್ ಒಂದೇ ಸಮ ಇರಲಿ. ಎಬಿಎಸ್ ಬ್ರೇಕ್ ಇದೆ ಅಂತ ನಂಬಿ ಬ್ರೇಕ್ ಹಾಕುವುದನ್ನು ತಡ ಮಾಡಬೇಡಿ. ಲಾಕ್ ಆದ ಚಕ್ರದ ಮುಂದೆ ಜಲ್ಲಿ ಗುಡ್ಡೆಯಾಗಿ ಗಾಡಿಯನ್ನು ತಡೆಯುತ್ತೆ. ಎಬಿಎಸ್ ಚಕ್ರ ಲಾಕ್ ಆಗಲು ಬಿಡುವುದಿಲ್ಲ, ಹಾಗಾಗಿ ನಿಲ್ಲಲು ಇನ್ನೂ ದೂರ ಬೇಕಾಗುತ್ತೆ. ಅಲೆ ಅಲೆಯಾದ ದಾರಿಯಲ್ಲಿ ಜೋರಾಗಿ ಹೋದರೆ ಕುಲುಕು ಕಡಿಮೆ ಅನ್ನುವುದು ನಿಜ. ಆದರೆ ಆಗ ಚಕ್ರ ಅಲೆಯ ತುದಿಯನ್ನಷ್ಟೇ ಮುಟ್ಟುತ್ತಿರುತ್ತೆ, ಸ್ಟೇರಿಂಗ್ ಕೈಗೆ ಹಗುರಾಗುತ್ತೆ. ಒಂದು ಬದಿ ಪ್ರಪಾತ ಇರುವ ನಮ್ಮ ದಾರಿಗಳಿಗೆ ಆ ವಿದ್ಯೆ ಬೇಡವೇ ಬೇಡ.

ಕೆಮ್ಮಣ್ಣುಗುಂಡಿಯಿಂದ ಹೆಬ್ಬೆ ಜಲಪಾತದ ಕಡೆಗೆ ಇಳಿಯುವಂಥ ದಾರಿಯಲ್ಲಿ ಫೋರ್ ವೀಲ್‌ನ ಲೋ ಗೇರ್ ಹಾಕಿ ಎಂಜಿನ್‌ಗೇ ಗಾಡಿ ಹಿಡಿಯಲು ಬಿಡಿ, ಕ್ಲಚ್ ತುಳಿಯಬೇಡಿ. ಟಾರು ಸಿಕ್ಕ ಕೂಡಲೇ ಫೋರ್ ವೀಲ್ ಬಿಡಿಸಿ. ಈ ಗಾಡಿಗಳಲ್ಲಿ ಫೋರ್ ವೀಲ್ ಹಾಕಿದಾಗ ಮುಂದಿನ ಹಿಂದಿನ ಆಕ್ಸಲ್ ಎರಡೂ ಒಂದೇ ವೇಗಕ್ಕೆ ಕಟ್ಟುಬಿದ್ದಿರುತ್ತವೆ, ಒಣ ಟಾರಿನ ತಿರುವಿನಲ್ಲಿ ಗೇರ್ ಬಾಕ್ಸ್ ಬಿಗಿದುಕೊಳ್ಳುತ್ತೆ. ಮೊದಲು ಸಿಗುವ ಪಂಚರ್ ಅಂಗಡಿಯಲ್ಲಿ ಗಾಳಿಯನ್ನೂ ತುಂಬಿಸಿಕೊಳ್ಳಿ.